ಜೀನ್ಸ್ ಜೇಬಿನ ರಿವೆಟ್, ಲೇಬಲ್‌ನಲ್ಲಿಲ್ಲದ ಹೆಸರು

ಈಗ ಜೀನ್ಸ್ ಹಾಕ್ಕೊಂಡೇ ಕೇಳ್ತಿದ್ದೀರಾ? ಹಾಗಿದ್ರೆ ಒಂದ್ಸಲ ಮುಂದಿನ ಜೇಬಿನ ಅಂಚು ಮುಟ್ಟಿ ನೋಡಿ. ಪುಟ್ಟದೊಂದು ಲೋಹದ ಗುಂಡಿ ಸಿಗುತ್ತೆ. ಹೆಸರು ರಿವೆಟ್. ಬರೀ ಅಲಂಕಾರ ಅಂತ ನಾನೂ ತುಂಬಾ ದಿನ ಅಂದ್ಕೊಂಡಿದ್ದೆ. ಅಸಲಿಗೆ ಜೀನ್ಸ್ ಹುಟ್ಟಿದ್ದೇ ಅದರಿಂದ.

1870-71ರ ಚಳಿಗಾಲ. ಅಮೆರಿಕದ ನೆವಾಡಾ ರಾಜ್ಯದ ರೀನೋ ಎಂಬ ಊರು. ಅಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ಟೈಲರ್. ಲಾಟ್ವಿಯಾದ ರೀಗಾದಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಅಮೆರಿಕ ಸೇರಿದವನು. ಒಂದು ದಿನ ಸೌದೆ ಕಡಿಯುವವನ ಹೆಂಡತಿ ಅವನ ಅಂಗಡಿಗೆ ಬಂದು, ಗಂಡನಿಗೆ ಗಟ್ಟಿಯಾದ ಪ್ಯಾಂಟ್ ಹೊಲಿದುಕೊಡಿ ಅಂದಳು. ಬೆಲೆ 3 ಡಾಲರ್.

ದುಡಿಯುವವರ ಪ್ಯಾಂಟ್ ಮೊದಲು ಹರಿಯೋದೇ ಜೇಬಿನ ಮೂಲೆಯಲ್ಲಿ. ಡೇವಿಸ್ ಕುದುರೆಗೆ ಹೊದಿಸುವ ಕಂಬಳಿಗಳನ್ನೂ ಹೊಲೀತಿದ್ದ. ಅದರ ಪಟ್ಟಿ ಕೂರಿಸೋಕೆ ಬಳಸುತ್ತಿದ್ದ ತಾಮ್ರದ ರಿವೆಟ್‌ಗಳು ಮೇಜಿನ ಮೇಲೇ ಬಿದ್ದಿದ್ದವು. ಅವನ್ನೇ ತೆಗೆದು ಜೇಬಿನ ಮೂಲೆಗಳಿಗೆ ಬಡಿದ. ಅಷ್ಟೇ! ಸುದ್ದಿ ಬಾಯಿಂದ ಬಾಯಿಗೆ ಹರಡಿ, ಒಂದೂವರೆ ವರ್ಷದಲ್ಲಿ 200ರಷ್ಟು ಪ್ಯಾಂಟ್ ಹೊಲಿದ.

ಈಗ ಭಯ ಶುರುವಾಯ್ತು. ಬೇರೆಯವರು ಕಾಪಿ ಹೊಡೆದರೆ? ಪೇಟೆಂಟ್ ಮಾಡಿಸೋಣ ಅಂದ್ರೆ ಅರ್ಜಿಗೆ 68 ಡಾಲರ್ ಬೇಕು. ಹಳೆಯ ಪ್ರಯೋಗಗಳಿಗೆ ಆಗಲೇ ದುಡ್ಡು ಸುರಿದಿದ್ದ, ಹೆಂಡತಿ ಇನ್ನು ಸಾಕು ಅಂದಿದ್ದಳು. ಕೊನೆಗೆ 1872ರಲ್ಲಿ, ತನಗೆ ಬಟ್ಟೆ ಪೂರೈಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಸಗಟು ವ್ಯಾಪಾರಿಗೆ ಕಾಗದ ಬರೆದ: ನೀವು ಹಣ ಹಾಕಿ, ಪೇಟೆಂಟ್ ಇಬ್ಬರಿಗೂ ಇರಲಿ. ಆ ವ್ಯಾಪಾರಿಯೇ ಲೀವೈ ಸ್ಟ್ರಾಸ್.

1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ತಯಾರಿಕೆಯ ಮೇಲುಸ್ತುವಾರಿ ವಹಿಸಿಕೊಂಡ. ಅಂದ್ರೆ ಇಲ್ಲಿ ಮೋಸ ಆಗಿಲ್ಲ. ಆದ್ರೆ 1886ರಿಂದ ಸೊಂಟದ ಹಿಂದೆ ಚರ್ಮದ ಲೇಬಲ್ ಬಂತು. ಪ್ಯಾಂಟನ್ನು ಎರಡು ಕಡೆಗೆ ಎಳೆಯುವ ಎರಡು ಕುದುರೆಗಳಿಗೆ ಅದರಲ್ಲಿ ಜಾಗ ಸಿಕ್ತು. ವ್ಯಾಪಾರಿಯ ಹೆಸರಿಗೆ ಸಿಕ್ತು. ಟೈಲರ್ ಹೆಸರಿಗೆ ಸಿಗಲಿಲ್ಲ.

ಬಿಕಾಂನಲ್ಲಿ ನಮಗೆ ಪೇಟೆಂಟ್ ಅಂದ್ರೆ ಬ್ಯಾಲೆನ್ಸ್ ಶೀಟಿನ ಒಂದು ಸಾಲು, ಕಣ್ಣಿಗೆ ಕಾಣದ ಆಸ್ತಿ ಅಂತ ಕಲಿಸಿದ್ದರು. ಆ ಆಸ್ತಿಯ ಹಿಂದೆ ಇರುವ ಮನುಷ್ಯನೂ ಕಣ್ಣಿಗೆ ಕಾಣಲ್ಲ ಅಂತ ಯಾರೂ ಹೇಳಿರಲಿಲ್ಲ.

ಇದು ಬರೀ ಅಮೆರಿಕದ ಹಳೇ ಕಥೆ ಅಲ್ಲ. ನಮ್ಮ ಬಳ್ಳಾರಿ ಜೀನ್ಸ್‌ಗೇ ಹೆಸರಾದ ಊರು. ಅಲ್ಲಿನ ಸಣ್ಣ ಸಣ್ಣ ಘಟಕಗಳಲ್ಲಿ ಒಬ್ಬರು ಬಟ್ಟೆ ಕತ್ತರಿಸ್ತಾರೆ, ಇನ್ನೊಬ್ಬರು ಹೊಲೀತಾರೆ, ಮತ್ತೊಬ್ಬರು ಬಟನ್ ಕೂರಿಸ್ತಾರೆ, ಆಮೇಲೆ ವಾಷಿಂಗ್. ಎಷ್ಟೋ ಜನಕ್ಕೆ ಕೂಲಿ ಪೀಸ್ ಲೆಕ್ಕದಲ್ಲಿ. ಕೆಲಸ ನಿಂತ ದಿನ ಕೂಲಿಯೂ ಇಲ್ಲ.

ಮುಂದಿನ ಸಲ ಜೀನ್ಸ್ ಕೊಳ್ಳುವಾಗ ಬ್ರ್ಯಾಂಡ್ ನೋಡಿ, ಬೆಲೆ ನೋಡಿ, ತಪ್ಪೇನಿಲ್ಲ. ಹಾಗೇ ಒಮ್ಮೆ ಒಳಗಿನ ಹೊಲಿಗೆಯನ್ನೂ ತಿರುಗಿಸಿ ನೋಡಿ. ಹೊಲಿದವರು ಬಿಟ್ಟುಹೋದ ಗುರುತು ಅಲ್ಲಿ ಅದೊಂದೇ.

ಮತ್ತೆ ಸಿಗೋಣ.