ಗುಸುಗುಸು ಮಾಪನ (ಶಾಲಾ ಶಿಕ್ಷಕರಲ್ಲಿ)

ಎದುರಿಗಿಲ್ಲದ ಮುಖ್ಯೋಪಾಧ್ಯಾಯರು ಅಥವಾ ಸಹಶಿಕ್ಷಕರ ಬಗ್ಗೆ ಶಿಕ್ಷಕರು ಆಡಿಕೊಳ್ಳುವ ಮಾತಿನ ಪ್ರಮಾಣ, ಧಾಟಿಗಳನ್ನು ಪ್ರಶ್ನಾವಳಿಯಿಂದ ಅಳೆಯುವ ಮನೋವಿಜ್ಞಾನದ ವಿಧಾನ. 1993ರಲ್ಲಿ ಇಸ್ರೇಲಿನ ನೆವೊ ಮತ್ತು ಸಂಗಡಿಗರು ಹರಟೆಯ ಪ್ರವೃತ್ತಿಯನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. 2017ರಲ್ಲಿ ಬ್ರೇಡಿ, ಬ್ರೌನ್, ಲಿಯಾಂಗ್ ಪ್ರಕಟಿಸಿದ 20 ಹೇಳಿಕೆಗಳ ಮಾಪಕವು ಮೇಲಧಿಕಾರಿ, ಸಹೋದ್ಯೋಗಿ ಇಬ್ಬರ ಬಗೆಗಿನ ಹೊಗಳಿಕೆಯನ್ನೂ ತೆಗಳಿಕೆಯನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಗುಸುಗುಸು ಎಂದರೆ ಚಾಡಿಯೇ ಎಂಬ ಗ್ರಹಿಕೆಯನ್ನು ಇದು ಒಪ್ಪುವುದಿಲ್ಲ. ಉತ್ತರಿಸುವವರು ತಮ್ಮ ಪಾಲನ್ನು ಕಡಿಮೆ ಮಾಡಿ ಹೇಳುವುದು ಸಾಮಾನ್ಯ ದೋಷ. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದಂತಹ ಹೋಬಳಿಗಳ ಸಣ್ಣ ಶಾಲೆಗಳಲ್ಲಿ ತೊಡಕು ಇನ್ನೂ ಹೆಚ್ಚು: ಇಬ್ಬರು ಮೂವರೇ ಶಿಕ್ಷಕರಿರುವಲ್ಲಿ, ಹಾಳೆಯ ಮೇಲೆ ಹೆಸರಿಲ್ಲದಿದ್ದರೂ ವಯಸ್ಸು, ಬೋಧನಾ ವಿಷಯ, ಸೇವಾವಧಿ ನೋಡಿದರೆ ಬರೆದವರು ಯಾರೆಂದು ತಿಳಿದುಬಿಡುತ್ತದೆ. ಆದ್ದರಿಂದ ಇಂತಹ ಕಡೆ ಹಲವು ಶಾಲೆಗಳ ಉತ್ತರಗಳನ್ನು ಕ್ಲಸ್ಟರ್ ಅಥವಾ ತಾಲ್ಲೂಕು ಮಟ್ಟದಲ್ಲಿ ಒಟ್ಟುಗೂಡಿಸಿಯೇ ವಿಶ್ಲೇಷಿಸಬೇಕಾಗುತ್ತದೆ.