ಗಾಜಿನ ನಾರಿನ ಹಾಯಿದೋಣಿ

ಮುಂಬಯಿಯಲ್ಲಿ ನೆಲೆಸಿರುವ ನಾವು ರಜೆಯ ಸಂಜೆ ಮಕ್ಕಳನ್ನು ಕರೆದುಕೊಂಡು ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋದಾಗ, ದೂರದ ನೀರಿನಲ್ಲಿ ಬಿಳಿಯ ಹಾಯಿದೋಣಿಗಳನ್ನು ಕಾಣುವುದುಂಟು. ‘ಅದೆಲ್ಲ ಸಿರಿವಂತರ ಷೋಕಿ’ ಎಂದು ಕಡಲೆಕಾಯಿ ಪೊಟ್ಟಣ ಬಿಚ್ಚುತ್ತೇವೆ. ಅಮೆರಿಕದ ಸಂಬಳಗಾರರಿಗೂ ಒಂದು ಕಾಲಕ್ಕೆ ಅದು ದೂರದ ನೋಟವೇ ಆಗಿತ್ತು. ಆ ದೂರವನ್ನು ಕಡಿಮೆ ಮಾಡಿದ ದೋಣಿಗಳಲ್ಲಿ ‘ಟ್ರೈಟನ್’ ಒಂದು.

ಮರದ ದೋಣಿಯೆಂದರೆ ಒಂದೊಂದೂ ಹೊಸ ಕೆಲಸ. ನುರಿತ ಬಡಗಿಗಳು ತಿಂಗಳುಗಟ್ಟಲೆ ಹಲಗೆ ಬಾಗಿಸಿ ಜೋಡಿಸಬೇಕು. ಕೊಂಡವರು ವರ್ಷ ವರ್ಷವೂ ಸಂದು ತುಂಬಿಸಿ ಬಣ್ಣ ಬಳಿಸಬೇಕು. ಎರಡನೆಯ ಮಹಾಯುದ್ಧದ ವೇಳೆಗೆ ಗಾಜಿನ ನಾರು, ಪಾಲಿಯೆಸ್ಟರ್ ರೆಸಿನ್‌ಗಳು ಕೈಗೆ ಬಂದವು. 1942ರಲ್ಲಿ ಒಹಾಯೋ ರಾಜ್ಯದ ರೇ ಗ್ರೀನ್ ಅವುಗಳಿಂದ ಪುಟ್ಟ ಹಾಯಿದೋಣಿಯೊಂದನ್ನು ಮಾಡಿದರು. ಆದರೆ ಸಂಸಾರ ಸಮೇತ ಮಲಗಿ ಪಯಣಿಸುವಂಥ ದೋಣಿ ಅಗ್ಗವಾಗಲು ಇನ್ನೂ ಕಾಲ ಹಿಡಿಯಿತು.

ಕ್ಲಿಂಟನ್ ಮತ್ತು ಎವರೆಟ್ ಪಿಯರ್ಸನ್ ಅಣ್ಣತಮ್ಮಂದಿರ ಮಕ್ಕಳು. 1950ರ ದಶಕದ ನಡುವಿನಲ್ಲಿ ಮನೆಯ ಗ್ಯಾರೇಜಿನಲ್ಲಿ ಚಿಕ್ಕ ದೋಣಿಗಳನ್ನು ಎರಕ ಹೊಯ್ಯತೊಡಗಿದರು. ಅವರಿಗಾಗಿ ಸ್ವೀಡನ್ ಮೂಲದ ಕಾರ್ಲ್ ಆಲ್ಬರ್ಗ್ 28 ಅಡಿಯ ಟ್ರೈಟನ್‌ನ ನಕ್ಷೆ ಬರೆದರು.

ಮಾಡುವ ಕ್ರಮ ಹೀಗೆ. ಮೊದಲು ಮರದಲ್ಲಿ ದೋಣಿಯ ಪೂರ್ತಿ ರೂಪ. ಅದರ ಮೇಲಿಂದ ಟೊಳ್ಳು ಅಚ್ಚು. ಇಡ್ಲಿ ತಟ್ಟೆಗೆ ಎಣ್ಣೆ ಸವರಿದ ಹಾಗೆ ಅಚ್ಚಿನ ಒಳಮೈಗೆ ಮೇಣ ಸವರಿ, ಬಣ್ಣದ ರೆಸಿನ್ ಬಳಿದು, ಅದರ ಮೇಲೆ ಗಾಜಿನ ನಾರಿನ ಹಾಸನ್ನು ಪದರ ಪದರವಾಗಿ ರೆಸಿನ್ನಿನಲ್ಲಿ ತೊಯ್ಸಿ ಒತ್ತುತ್ತಾರೆ. ಗಟ್ಟಿಯಾದ ಮೇಲೆ ಎತ್ತಿದರೆ ಒಂದು ಒಡಲು ಸಿದ್ಧ. ಅದೇ ಅಚ್ಚಿನಲ್ಲಿ ಮತ್ತೊಂದು. ಡೆಕ್ಕನ್ನು ಬೇರೆಯಾಗಿ ಮಾಡಿ ಕೂಡಿಸುತ್ತಾರೆ. ಹೊಸ ವಸ್ತು ಕಡಲಿನಲ್ಲಿ ಎಷ್ಟು ಕಾಲ ತಾಳೀತೆಂಬ ಅನುಭವ ಆಗ ಇರಲಿಲ್ಲ. ಆದ್ದರಿಂದ ಆ ಕಾಲದ ಒಡಲುಗಳನ್ನು ಧಾರಾಳವಾಗಿ ದಪ್ಪಗೆ ಮಾಡುತ್ತಿದ್ದರು.

1959ರ ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಟ್ರೈಟನ್ ಬಂತು. ಬೆಲೆ 10,000 ಡಾಲರಿಗೂ ಕಡಿಮೆ. ಪ್ರದರ್ಶನದಲ್ಲಿಯೇ 17 ದೋಣಿಗಳಿಗೆ ಬೇಡಿಕೆ ಬಂತು. ಮಾಡಲು ಜಾಗ ಬೇಕಲ್ಲ! ಷೇರು ಮಾರಿ ಹಣ ಕೂಡಿಸಿ, ಬ್ರಿಸ್ಟಲ್ ಊರಿನ ಹೆರೆಷಾಫ್ ಕಟ್ಟೆಯನ್ನು ಕೊಂಡರು. 1893ರಿಂದ 1934ರವರೆಗೆ ಅಮೆರಿಕಾಸ್ ಕಪ್ ಗೆದ್ದ ದೊಡ್ಡ ದೋಣಿಗಳನ್ನು ಕಟ್ಟಿದ ಜಾಗವದು. ಕೋಟ್ಯಧೀಶರ ದೋಣಿಗಳು ಹುಟ್ಟಿದಲ್ಲಿ ಮಧ್ಯಮ ವರ್ಗದ ದೋಣಿ ಹುಟ್ಟತೊಡಗಿತು. 1967ರ ಹೊತ್ತಿಗೆ ಏಳುನೂರಕ್ಕೂ ಮಿಕ್ಕಿ ಟ್ರೈಟನ್‌ಗಳು ನೀರಿಗಿಳಿದಿದ್ದವು.

ಸೋಜಿಗವೆಂದರೆ, 1991ರಲ್ಲಿ ಪಿಯರ್ಸನ್ ಕಾರ್ಖಾನೆ ಮುಚ್ಚಿದರೂ ದೋಣಿಗಳು ಉಳಿದಿವೆ. ಡೆಕ್ಕಿನ ನಡುವೆ ಇಟ್ಟ ಬಾಲ್ಸಾ ಮರ ನೀರು ಕುಡಿದು ಕೊಳೆಯುವುದುಂಟು; ಒಡಲು ಮಾತ್ರ ಗಟ್ಟಿ. ಹಳೆಯ ಟ್ರೈಟನ್ ಒಂದರಲ್ಲಿ ಒಬ್ಬರು ಎರಡು ಸಲ ಭೂಪ್ರದಕ್ಷಿಣೆ ಮಾಡಿದ್ದಾರೆ. ಆದರೆ ಈ ಗಟ್ಟಿತನಕ್ಕೆ ಇನ್ನೊಂದು ಮುಖವಿದೆ. ಮರ ಮಣ್ಣಾಗುತ್ತದೆ, ಕಬ್ಬಿಣ ಕರಗುತ್ತದೆ. ಸುಟ್ಟ ಮಡಕೆ ಮತ್ತೆ ಹಸಿಮಣ್ಣಾಗದ ಹಾಗೆ, ಗಟ್ಟಿಯಾದ ಈ ರೆಸಿನ್ ಮತ್ತೆ ಕರಗದು. ಇಂದು ದೇಶದೇಶಗಳ ಬಂದರುಗಳಲ್ಲಿ ಯಾರಿಗೂ ಬೇಡವಾದ ಇಂಥ ದೋಣಿಗಳು ಬಿದ್ದಿವೆ.

ಬಾಳಿಕೆ ಬರುವುದನ್ನು ಮಾಡುವುದು ದೊಡ್ಡ ವಿದ್ಯೆ, ನಿಜ. ಬಾಳು ಮುಗಿದ ಮೇಲೆ ಅದನ್ನು ಎಲ್ಲಿ ಇಡುವುದೆಂದು ಯೋಚಿಸುವುದೂ ಅದೇ ವಿದ್ಯೆಯ ಭಾಗವೆಂದು ನಮಗೆ ತೋರುತ್ತದೆ.