ಸೋತ ಕೈಯ ಚರಿತ್ರೆ

ಶಿರವಾಡದ ನಮ್ಮ ಮನೆಯಲ್ಲಿ ಮಕ್ಕಳ ಫೀಸು ಹುಟ್ಟುತ್ತಿದ್ದುದು ನನ್ನ ಹೊಲಿಗೆ ಯಂತ್ರದಿಂದ. ಸ್ಕೂಟರಿನಿಂದ ಬಿದ್ದು ಬಲತೋಳಿನ ಮೂಳೆ ಮುರಿದಾಗ ಅದರ ಪಕ್ಕದ ನರವೂ ಹರಿಯಿತು. ಮೂಳೆ ಕೂಡಿತು, ಮಣಿಕಟ್ಟು ಜೋತೇ ಉಳಿಯಿತು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದಂತೆ. ಒಂದು ವರ್ಷ ಕಾದೆ, ಬರಲಿಲ್ಲ. ಕೊನೆಗೆ ಜೀವವಿದ್ದ ಸ್ನಾಯುವೊಂದರ ಹುರಿಯನ್ನು ತಿರುಗಿಸಿ ಮಣಿಕಟ್ಟಿನ ಕೆಲಸಕ್ಕೆ ಜೋಡಿಸಿದರು.

ಈ ವಿದ್ಯೆ ಬಂದ ದಾರಿಯನ್ನು ಆಮೇಲೆ ಓದಿದೆ. ಮೊದಲ ಮಹಾಯುದ್ಧದ ಗಾಯಾಳುಗಳ ಕೈಗೆ ಇದನ್ನು ಮಾಡಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಇಂಥದೇ ಶಸ್ತ್ರಕ್ರಿಯೆಯಿಂದ ಕುಷ್ಠರೋಗಿಗಳ ಮಡಚಿದ ಬೆರಳುಗಳನ್ನು ಬಿಡಿಸಿದರು. ಬೆರಳನ್ನು ರೋಗ ತಿನ್ನುವುದಿಲ್ಲ. ನರ ಸತ್ತು ನೋವು ತಿಳಿಯದೆ, ಸುಟ್ಟು, ಗಾಯವಾಗಿ ಅದು ಸವೆಯುತ್ತದೆ ಎಂದು ತೋರಿಸಿದರು.

ಓದುತ್ತ ನಾಚಿಕೆಯಾಯಿತು. ಕಾರವಾರದ ಆದಿತ್ಯವಾರದ ಸಂತೆಯಲ್ಲಿ ಅಂಥದೊಂದು ಕೈಗೆ ದೂರದಿಂದಲೇ ನಾಣ್ಯ ಎಸೆದವಳು ನಾನು.

ಈಗ ಮತ್ತೆ ಹೊಲಿಯುತ್ತೇನೆ. ಮೊದಲು ದಿನಕ್ಕೆ ನಾಲ್ಕು ರವಿಕೆ, ಈಗ ಒಂದು. ಹಿಂಗೈಗೆ ಇನ್ನೂ ಸ್ಪರ್ಶವಿಲ್ಲ. ಇಸ್ತ್ರಿ ಮಾಡುವಾಗ ಅದು ಸುಡದಂತೆ ಕಣ್ಣೇ ಕಾಯಬೇಕು. ಆಗೆಲ್ಲ ಸಂತೆಯ ಆ ಕೈ ನೆನಪಾಗುತ್ತದೆ.